ಬಾಗಿಲ ಹಿಂದಿನ ಟೇಪು

ಶಾಲೆ ಶುರುವಾಗುವ ಮುಂಚಿನ ವಾರಗಳಲ್ಲಿ ಆ ಮನೆಯಲ್ಲಿ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಮುಂದಿನ ಕೋಣೆ ಟೈಲರ್ ಅಂಗಡಿ, ಹಿಂದಿನ ಕೋಣೆಗಳು ಮನೆ, ನಡುವೆ ಒಂದು ಪರದೆ. ಯೂನಿಫಾರ್ಮಿನ ಕಾಲ ಬಂತೆಂದರೆ ಆ ಪರದೆಗೆ ಯಾವ ಬೆಲೆಯೂ ಇರುತ್ತಿರಲಿಲ್ಲ. ನೀಲಿ ಬಟ್ಟೆಯ ಥಾನುಗಳು ಮಂಚದ ಮೇಲೆ ಮಲಗುತ್ತಿದ್ದವು, ಮನೆಯವರು ನೆಲದ ಮೇಲೆ. ಅನ್ನದಲ್ಲಿ ದಾರದ ತುಂಡು ಸಿಕ್ಕರೂ ಯಾರೂ ಗೊಣಗುತ್ತಿರಲಿಲ್ಲ. ತೆಗೆದು ತಟ್ಟೆಯ ಅಂಚಿಗಿಟ್ಟು ಊಟ ಮುಂದುವರಿಸುತ್ತಿದ್ದರು.

ಈ ವರ್ಷ ಅಪ್ಪನ ಸೊಂಟ ಕೈಕೊಟ್ಟಿತ್ತು. ಕತ್ತರಿಸುವ ಮೇಜಿನ ಮೇಲೆ ಬಗ್ಗಿದರೆ ಮತ್ತೆ ನೆಟ್ಟಗಾಗುವುದಕ್ಕೆ ಯಾರಾದರೂ ಆಸರೆ ಕೊಡಬೇಕು. ಕಾಜಾ ಹೊಲಿದೂ ಹೊಲಿದೂ ಅಮ್ಮನ ಕಣ್ಣು ಮಂಜಾಗಿತ್ತು. ಮಗನನ್ನು ಎಲ್ಲರೂ ಗುಂಡಿ ಎನ್ನುತ್ತಿದ್ದರು. ಚಿಕ್ಕವನಿದ್ದಾಗ ಕೋಟಿನ ಗುಂಡಿ ನುಂಗಿ ಇಡೀ ಬೀದಿಯನ್ನು ಗಾಬರಿಗೊಳಿಸಿದ್ದರಿಂದ ಬಂದ ಹೆಸರು. ಈಗ ಮೀಸೆ ಚಿಗುರುತ್ತಿತ್ತು. ಅಳತೆ ತೆಗೆಯುವುದು ಬಿಟ್ಟು ಬೇರೆ ಕೆಲಸ ಕೊಟ್ಟರೆ ಬಟ್ಟೆಗೆ ಅಪಾಯ. ಅವನ ಅಕ್ಕನ ಹೆಸರು ಕತ್ತರಿ. ಅದು ಅವಳ ಕೈಗೆ ಇಟ್ಟ ಹೆಸರೋ ಬಾಯಿಗೆ ಇಟ್ಟದ್ದೋ ಎಂದು ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ.

“ಇನ್ನೊಬ್ಬರು ಬೇಕು,” ಅಂದ ಅಪ್ಪ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ. “ಇಲ್ಲಾಂದ್ರೆ ಶಾಲೆಯವರ ಮುಂದೆ ಮಾನ ಹೋಗುತ್ತೆ.”

“ನನ್ನ ಹೊಲಿಗೆ ಕ್ಲಾಸಲ್ಲಿ ಒಬ್ಬಳಿದ್ದಾಳೆ,” ಅಂದಳು ಕತ್ತರಿ. “ನನಗಿಂತ ಚೆನ್ನಾಗಿ ಹೊಲೀತಾಳೆ.”

“ನಿನಗಿಂತ ಚೆನ್ನಾಗಿ ಅನ್ನೋ ಮಾತು ನಿನ್ನ ಬಾಯಲ್ಲೇ ಬಂತಾ?” ಅಜ್ಜಿ ನಕ್ಕಳು. “ಹಾಗಾದ್ರೆ ಇವತ್ತೇ ಕರ್ಕೊಂಡು ಬಾ. ಎಲ್ಲಿಯವಳು?”

“ಬಸ್ ಸ್ಟ್ಯಾಂಡ್ ಕಡೆಯವಳು.”

ಅದು ಸುಳ್ಳು. ಹುಡುಗಿ ರೈಲು ಹಳಿಯ ಆಚೆಯವಳು.

ಹಳಿಯ ಆಚೆ ಒಂದು ಕಾಲಕ್ಕೆ ಮೂಳೆ ಕಾರ್ಖಾನೆಯಿತ್ತು. ಮೂಳೆ ಬೇಯಿಸಿ ಅಂಟು ಮಾಡುತ್ತಿದ್ದರು. ಗಾಳಿ ಈ ಕಡೆ ತಿರುಗಿದರೆ ಬೀದಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ವಾಸನೆಯೂ ಹೋಯಿತು. ಅಲ್ಲಿ ದುಡಿದವರು, ಅವರ ಮಕ್ಕಳು ಈಗ ಲಾರಿಯಿಂದ ಸರಕು ಇಳಿಸುತ್ತಾರೆ, ಆಸ್ಪತ್ರೆ ಗುಡಿಸುತ್ತಾರೆ, ಓದುತ್ತಾರೆ. ಆದರೂ ಅವರಲ್ಲೊಬ್ಬರು ಪಕ್ಕದಲ್ಲಿ ಹಾದರೆ ಬೀದಿಯವರ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು. ಇಲ್ಲದ ವಾಸನೆಯನ್ನು ಇಷ್ಟು ಶ್ರದ್ಧೆಯಿಂದ ಹಿಡಿಯುವ ಮೂಗುಗಳು ಬೇರೆಲ್ಲೂ ಸಿಗಲಿಕ್ಕಿಲ್ಲ.

ಅವರ ಬಟ್ಟೆಯನ್ನೂ ಈ ಅಂಗಡಿಯೇ ಹೊಲಿಯುತ್ತಿತ್ತು, ಹತ್ತಿರದಲ್ಲಿ ಬೇರೆ ಟೈಲರ್ ಇರಲಿಲ್ಲ. ಅದಕ್ಕೊಂದು ಕ್ರಮವಿತ್ತು. ತೀರಿಹೋದ ಅಜ್ಜ ಮಾಡಿಟ್ಟದ್ದು, ಅಜ್ಜಿ ಕಾಪಾಡಿಕೊಂಡು ಬಂದದ್ದು. ಆಚೆಯವರು ಬಂದರೆ ಮೆಟ್ಟಿಲ ಮೇಲೆಯೇ ನಿಲ್ಲಬೇಕು. ಅವರ ಅಳತೆಗೆ ಬೇರೆ ಟೇಪು. ಅದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಅಪ್ಪನ ಕುತ್ತಿಗೆಯ ಟೇಪನ್ನು ಸವೆದಾಗೆಲ್ಲ ಬದಲಾಯಿಸುತ್ತಿದ್ದರು. ಬಾಗಿಲ ಹಿಂದಿನದನ್ನು ಬದಲಾಯಿಸಿದ ನೆನಪು ಯಾರಿಗೂ ಇರಲಿಲ್ಲ. ಆಚೆಯವರು ಆಗಾಗ ಹೊಲಿದ ಅಂಗಿಯನ್ನು ವಾಪಸ್ ತಂದು, “ಸ್ವಲ್ಪ ಬಿಗಿಯಾಯ್ತು ಮಾಸ್ಟ್ರೇ,” ಅನ್ನುತ್ತಿದ್ದರು. “ಹೆಂಡತಿ ಅಡುಗೆ ಚೆನ್ನಾಗಿರಬೇಕು, ಮೈ ಬಂದಿದೆ,” ಎಂದು ಅಪ್ಪ ನಗುತ್ತಿದ್ದ. ಅವರೂ ನಕ್ಕಂತೆ ಮಾಡಿ ಹೋಗುತ್ತಿದ್ದರು.

ಬಂದ ಹುಡುಗಿಗೆ ಎಡಗೈ ಅಭ್ಯಾಸ. ಬಟ್ಟೆಯನ್ನು ಮಶೀನಿಗೆ ಕೊಡುವ ರೀತಿಯೇ ವಿಚಿತ್ರ. ಆದರೆ ಹೊಲಿಗೆ ಮಾತ್ರ ಅಚ್ಚುಕಟ್ಟು. ಅಜ್ಜಿ ಅವಳಿಗೆ ಎಡಚಿ ಎಂದು ಹೆಸರಿಟ್ಟಳು. ವಾರ ಕಳೆಯುವುದರೊಳಗೆ ಊಟಕ್ಕೆ ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳತೊಡಗಿದಳು.

“ಇನ್ನೊಂದು ಚೂರು ಹಾಕ್ಕೋ ಎಡಚಿ. ಇಷ್ಟೇ ತಿಂದ್ರೆ ಮಶೀನು ತುಳಿಯೋ ಶಕ್ತಿ ಎಲ್ಲಿಂದ ಬರುತ್ತೆ?”

“ಸಾಕಜ್ಜಿ.”

“ಸಾಕು ಅಂದ್ರೆ ಬಿಡೋರು ಯಾರು? ನೋಡೇ ಕತ್ತರಿ, ಈ ಹುಡುಗಿ ಒಂದು ಎದುರು ಮಾತಾಡಲ್ಲ. ಕಲಿ ಸ್ವಲ್ಪ.”

ಒಂದು ತಕರಾರನ್ನು ಮಾತ್ರ ಅಪ್ಪ ತೆಗೆಯುತ್ತಿದ್ದ. ಎಡಚಿ ತಾನು ಕತ್ತರಿಸುವ ಬಟ್ಟೆಗೆ ಗೆರೆಯಿಂದಾಚೆ ಅಂಚು ಜಾಸ್ತಿ ಬಿಡುತ್ತಿದ್ದಳು. “ಇಷ್ಟು ಯಾಕಮ್ಮ ಒಳಗೆ ಬಿಡ್ತೀಯ? ಬಟ್ಟೆ ದಂಡ,” ಅನ್ನುತ್ತಿದ್ದ. “ಅಭ್ಯಾಸ ಮಾಸ್ಟ್ರೇ,” ಅನ್ನುತ್ತಿದ್ದಳು, ಮತ್ತೆ ಹಾಗೆಯೇ ಬಿಡುತ್ತಿದ್ದಳು.

ಶಾಲೆಗೆ ಹೋಗಿ ಮಕ್ಕಳ ಅಳತೆ ತರುವ ದಿನ ಅಪ್ಪನಿಗೆ ಏಳುವುದಕ್ಕೇ ಆಗಲಿಲ್ಲ. ನೋವಿನ ಮಾತ್ರೆ ನುಂಗಿ, ಟೇಪನ್ನು ಕುತ್ತಿಗೆಯಲ್ಲಿ ಹಾಕಿಕೊಂಡೇ ನಿದ್ದೆ ಹೋಗಿದ್ದ. ಎಬ್ಬಿಸಿದರೆ ಬೈಗುಳ ಖಾತ್ರಿ. ಗುಂಡಿ ಅತ್ತಿತ್ತ ನೋಡಿ, ಬಾಗಿಲ ಹಿಂದಿನ ಟೇಪನ್ನು ಎಳೆದು ಜೇಬಿಗೆ ತುರುಕಿಕೊಂಡು ಓಡಿದ. ಟೇಪು ಅಂದರೆ ಟೇಪು, ಅದರಲ್ಲೇನು ಅಂದುಕೊಂಡ. ಬಂದ ಮೇಲೆ ಅಜ್ಜಿಗೆ ಕಾಣದ ಹಾಗೆ ಮತ್ತೆ ಮೊಳೆಗೆ ಸಿಕ್ಕಿಸಿ, ಸಂಗತಿಯನ್ನೇ ಮರೆತ.

ಅದೇ ವಾರ ಔಷಧಿ ಅಂಗಡಿಯ ಯಜಮಾನನ ಹೆಂಡತಿ ಕಿಟಕಿಯ ಪರದೆ ಹೊಲಿಸಲು ಬಂದಳು. ಬೀದಿಯ ಸಂಘಕ್ಕೂ ಶಾಲೆಯ ಸಮಿತಿಗೂ ಆ ಯಜಮಾನನೇ ಅಧ್ಯಕ್ಷ. ಯೂನಿಫಾರ್ಮಿನ ಕೆಲಸ ಈ ಅಂಗಡಿಗೆ ಬರುತ್ತಿದ್ದುದು ಅವನ ಮಾತಿನಿಂದ. ಅವಳು ಪರದೆಯ ಮಾತು ಮುಗಿಸಿ ಏಳುವವಳು ಎಡಚಿಯನ್ನೇ ದಿಟ್ಟಿಸಿದಳು.

“ನೀನು ನಮ್ಮ ಅಂಗಡಿಗೆ ಸರಕು ಇಳಿಸ್ತಾನಲ್ಲ, ಅವನ ಮಗಳಲ್ವಾ? ಹಳಿ ಆಚೆಯವಳು?”

“ಹೌದಮ್ಮ,” ಅಂದಳು ಎಡಚಿ, ಮಶೀನು ನಿಲ್ಲಿಸದೆ. ಅವಳು ಎಲ್ಲಿಯವಳೆಂದು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ.

ಸಂಜೆ ಎಡಚಿ ಹೊರಟುಹೋದ ಮೇಲೆ ಅಜ್ಜಿಯ ದನಿ ಬೀದಿಯ ಕೊನೆಗೆ ಕೇಳಿಸುವಂತಿತ್ತು.

“ನನ್ನ ಪಕ್ಕದಲ್ಲಿ ಕೂತು ಉಂಡಳಲ್ಲೇ! ನನ್ನ ಕೈಯಾರೆ ಬಡಿಸಿದ್ನಲ್ಲೇ!”

“ಬಡಿಸಿದ್ದಕ್ಕೆ ಕೈ ಬಿದ್ದುಹೋಯ್ತಾ ಅಜ್ಜಿ? ಇನ್ನೂ ಇದೆಯಲ್ಲ, ಅದರಲ್ಲೇ ನನ್ನ ಕಡೆ ಬೆರಳು ತೋರಿಸ್ತಾ ಇದ್ದೀಯ.”

“ಬಾಯಿ ಮುಚ್ಚು,” ಅಂದ ಅಪ್ಪ. “ಸುಳ್ಳು ಹೇಳಿದವಳು ನೀನು.”

“ನಿಜ ಹೇಳಿದ್ರೆ ಒಳಗೆ ಬಿಡ್ತಿದ್ಯಾ?”

ಅಪ್ಪ ಸೊಂಟ ನೀವಿಕೊಂಡ. ಅಮ್ಮ ಪಾತ್ರೆ ಕೆಳಗಿಟ್ಟಳು.

“ಆ ಹುಡುಗಿ ಬಂದ ಮೇಲೆ ನನ್ನ ಕಣ್ಣಲ್ಲಿ ನೀರು ಸುರಿಯೋದು ನಿಂತಿದೆ. ಅದನ್ನೂ ಸ್ವಲ್ಪ ಯೋಚನೆ ಮಾಡಿ.”

“ನೀನೂ ಶುರು ಮಾಡ್ಬೇಡ.”

“ನಾನೇನೂ ಶುರು ಮಾಡಿಲ್ಲ ರೀ. ಹೇಳ್ದೆ ಅಷ್ಟೆ.”

ಕೊನೆಗೆ ಅಪ್ಪ ಒಂದು ತೀರ್ಪು ಕೊಟ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯದು. ಯೂನಿಫಾರ್ಮು ಮುಗಿಯುವವರೆಗೆ ಎಡಚಿ ಇರಲಿ, ಆದರೆ ಮುಂದಿನ ಕೋಣೆಯಲ್ಲಿ ಬೇಡ. ಹಿತ್ತಿಲಲ್ಲಿ ಬಚ್ಚಲ ಪಕ್ಕ ಮಶೀನು ಹಾಕಿ. ಓಣಿಯ ಕಡೆಯಿಂದ ಬರಲಿ, ಊಟ ಮನೆಯಿಂದ ತರಲಿ.

ಮರುದಿನ ಎಡಚಿ ಸುಮ್ಮನೆ ಮಶೀನಿನ ಒಂದು ಬದಿ ಹಿಡಿದಳು, ಕತ್ತರಿ ಇನ್ನೊಂದು ಬದಿ. ಮಧ್ಯಾಹ್ನ ಕತ್ತರಿ ತನ್ನ ತಟ್ಟೆಯನ್ನೂ ಹಿತ್ತಿಲಿಗೆ ಒಯ್ದಳು.

“ನೀನು ಒಳಗೆ ಹೋಗು,” ಅಂದಳು ಎಡಚಿ.

“ಯಾಕೆ? ನನಗೂ ಇಲ್ಲೇ ಸೇರುತ್ತೆ.”

“ನಿನಗೆ ಸೇರುತ್ತೆ. ಇಷ್ಟವಾದ್ರೆ ಇಲ್ಲಿ, ಬೇಡವಾದ್ರೆ ಒಳಗೆ. ನನಗೆ ಹಾಗಾ? ಬಸ್ ಸ್ಟ್ಯಾಂಡ್ ಅಂತ ಯಾಕೆ ಹೇಳ್ದೆ?”

“ನಿನಗೆ ಕೆಲಸ ಸಿಗ್ಲಿ ಅಂತ.”

“ಒಂದು ಮಾತು ನನ್ನನ್ನ ಕೇಳ್ಬೇಕಿತ್ತು. ಸುಳ್ಳು ಹೇಳಿದ್ದು ನೀನು, ಬಚ್ಚಲ ಪಕ್ಕ ಕೂತಿರೋದು ನಾನು.”

ಹುಟ್ಟಿದಾಗಿನಿಂದ ಯಾರಿಗೂ ಉತ್ತರ ಬಾಕಿ ಇಟ್ಟವಳಲ್ಲ ಕತ್ತರಿ. ಅವತ್ತು ಅವಳಿಗೆ ಮಾತು ಸಿಗಲಿಲ್ಲ. ನಾಚಿಕೆಯಾಯಿತು. ಆದರೂ ಎದ್ದು ಒಳಗೆ ಹೋಗಲಿಲ್ಲ.

ಬಟ್ಟೆ ಹೊಲಿದು, ಇಸ್ತ್ರಿ ಮಾಡಿ ಶಾಲೆಗೆ ಕಳಿಸಿದ್ದಾಯಿತು. ಅಜ್ಜಿ ನಿಟ್ಟುಸಿರು ಬಿಟ್ಟಳು. ಎಡಚಿಯನ್ನು ಆ ವಾರವೇ ಕಳಿಸಿಬಿಡುವ ಮಾತಾಗಿತ್ತು. ಕತ್ತರಿ ಅದಕ್ಕೆ ಒಪ್ಪದೆ ದಿನವೂ ಅಪ್ಪನ ಜೊತೆ ಜಗಳ ಕಾಯುತ್ತಿದ್ದಳು. ಅಷ್ಟರಲ್ಲಿ ಶಾಲೆ ಶುರುವಾಯಿತು, ಅಂಗಡಿಯ ಮುಂದೆ ಜನ ನೆರೆದರು.

ಎಲ್ಲರಿಗಿಂತ ಮುಂದೆ ಯಜಮಾನ, ಅವನ ಕೈ ಹಿಡಿದ ಮೊಮ್ಮಗ. ಹುಡುಗ ಹೊಸ ಅಂಗಿಯಲ್ಲಿ ಕೆಂಪಗಾಗಿ ನಿಂತಿದ್ದ.

“ಉಸಿರು ಬಿಡೋ,” ಅಂದ ಯಜಮಾನ.

“ಬಿಟ್ರೆ ಗುಂಡಿ ಹಾರುತ್ತೆ ತಾತ.”

ಹಿಂದೆ ನಿಂತ ಮಕ್ಕಳೂ ಅಷ್ಟೇ. ಒಬ್ಬನ ತೋಳು ಮಣಿಕಟ್ಟಿಗೆ ಮುಟ್ಟಿರಲಿಲ್ಲ, ಒಬ್ಬಳ ಲಂಗದ ಕೊಕ್ಕೆ ಕೂಡಿರಲಿಲ್ಲ. ಅಪ್ಪ ಕುತ್ತಿಗೆಯ ಟೇಪು ತೆಗೆದು ಹುಡುಗನ ಎದೆಗೆ ಹಿಡಿದ, ಅಂಗಿಗೆ ಹಿಡಿದ, ಮತ್ತೆ ಎದೆಗೆ ಹಿಡಿದ. ಅವನ ಹಣೆಯಲ್ಲಿ ಬೆವರೊಡೆಯಿತು. ಬೀದಿಯ ಅಷ್ಟೂ ಕಣ್ಣು ಅವನ ಮೇಲಿದ್ದವು.

“ಈ ಸಲ ಹೊಸಬಳನ್ನ ಸೇರಿಸ್ಕೊಂಡಿದ್ದೆ,” ಅಂದ. “ಹೊಲಿಗೆ ಒಳಗೆ ಜಾಸ್ತಿ ಹಿಡಿದುಬಿಟ್ಟಿದ್ದಾಳೆ.”

“ಯಾವ ಹೊಸಬಳು ಅಂತ ನಮಗೂ ಗೊತ್ತು,” ಅಂದ ಯಜಮಾನ. “ಅಂಥವರನ್ನ ಒಳಗೆ ಬಿಟ್ಕೊಂಡ್ರೆ ಇನ್ನೇನಾಗುತ್ತೆ ಮಾಸ್ಟ್ರೇ?”

ಎಡಚಿ ಹಿತ್ತಿಲಿಂದ ಬಂದು ಪರದೆಯ ಹತ್ತಿರ ನಿಂತಿದ್ದಳು.

“ನೀವು ಹಾಕಿಕೊಟ್ಟ ಗೆರೆ ಮೇಲೇ ಹೊಲಿದಿದ್ದೀನಿ ಮಾಸ್ಟ್ರೇ. ಒಂದನ್ನ ಬಿಚ್ಚಿ ನೋಡಿ.”

ಬಿಚ್ಚಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಯಾರೋ ವಾಪಸ್ ಕೊಟ್ಟ ಅಂಗಿಯೊಂದು ಕೈಯಲ್ಲೇ ಇತ್ತು, ಮೇಜಿನ ಮೇಲೆ ಕತ್ತರಿಯಿತ್ತು. ಅಪ್ಪ ಬಿಚ್ಚಲಿಲ್ಲ. “ಆಮೇಲೆ ನೋಡೋಣ. ಈಗ ಒಳಗೆ ಹೋಗು,” ಅಂದ.

“ಯಾವ ಒಳಗೆ?” ಅಂದಳು ಎಡಚಿ.

ಅವಳು ತನ್ನ ಚೀಲ ತಂದು ಹೆಗಲಿಗೆ ಹಾಕಿಕೊಂಡು ಮುಂಬಾಗಿಲಿನಿಂದಲೇ ಇಳಿದು ಹೋದಳು. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಮರ್ಯಾದೆಗಲ್ಲ, ಮೂಗು ಮುಚ್ಚಿಕೊಂಡು.

ಗುಂಡಿ ಮೂಲೆಯಲ್ಲಿ ನಿಂತು ಮಕ್ಕಳನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದ. ಎಲ್ಲ ಮಕ್ಕಳ ಬಟ್ಟೆಯೂ ಒಂದೇ ಥರ ಬಿಗಿಯಾಗಿತ್ತು. ಕತ್ತರಿ ಹೊಲಿದದ್ದೂ ಬಿಗಿಯಾಗಿತ್ತು, ಅಮ್ಮ ಹೊಲಿದದ್ದೂ ಬಿಗಿಯಾಗಿತ್ತು. ಟೇಪನ್ನು ಜೇಬಿಗೆ ತುರುಕಿಕೊಂಡು ಓಡಿದ್ದು ನೆನಪಾಗಿ ಅವನು ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿದ.

ಮರುದಿನ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾಗಿದ್ದಾಗ ಅವನು ಬಾಗಿಲ ಹಿಂದಿನ ಟೇಪನ್ನು ತಂದು ಕತ್ತರಿಸುವ ಮೇಜಿನ ಉಕ್ಕಿನ ಸ್ಕೇಲಿನ ಪಕ್ಕ ಚಾಚಿದ. ಮೊದಲ ಕೆಲವು ಗೆರೆಗಳು ಕೂಡಿದಂತೆ ಕಂಡವು. ಮುಂದೆ ಮುಂದೆ ಹೋದಂತೆ ಟೇಪಿನ ಗೆರೆ ಸ್ಕೇಲಿನ ಗೆರೆಯನ್ನು ದಾಟಿ ದಾಟಿ ಹೋಯಿತು. ಎದೆಯ ಅಳತೆಯ ಹೊತ್ತಿಗೆ ಒಂದು ಇಂಚಿಗೂ ಮಿಕ್ಕಿ ವ್ಯತ್ಯಾಸ. ಹಳೆಯ ಬಟ್ಟೆ ಟೇಪು ಮೊಳೆಗೆ ನೇತಾಡಿ ನೇತಾಡಿ, ಎಳೆಸಿಕೊಂಡು ಎಳೆಸಿಕೊಂಡು ಜಗ್ಗಿತ್ತು. ಜಗ್ಗಿದ ಟೇಪಿನಲ್ಲಿ ದೊಡ್ಡ ಮೈಯೂ ಸಣ್ಣದಾಗಿ ಕಾಣುತ್ತದೆ. ಆ ಸಣ್ಣ ಅಳತೆಗೆ ಸರಿಯಾದ ಸ್ಕೇಲಿನಲ್ಲಿ ಕತ್ತರಿಸಿದರೆ ಬಟ್ಟೆ ಬಿಗಿಯಾಗದೆ ಇನ್ನೇನಾಗುತ್ತದೆ?

ಅವನಿಗೆ ಎರಡು ಸಂಗತಿ ಒಟ್ಟಿಗೆ ಹೊಳೆದವು. ತಪ್ಪು ತನ್ನದು, ಎಡಚಿಯದಲ್ಲ. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ಹಳಿ ಆಚೆಯವರ ಒಂದೇ ಒಂದು ಅಂಗಿಯೂ ಈ ಅಂಗಡಿಯಲ್ಲಿ ಸರಿಯಾದ ಅಳತೆಗೆ ಆಗಿರಲಿಲ್ಲ.

ಕೆಲವು ದಿನ ಅವನು ಬಾಯಿ ಬಿಡಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಿದ್ದ, ಎದ್ದು ಹೋಗುತ್ತಿದ್ದ.

“ಏನೋ, ಮತ್ತೆ ಏನಾದ್ರೂ ನುಂಗಿದ್ಯಾ?” ಅಂದಳು ಕತ್ತರಿ, ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಾ.

ಅವನು ಹೇಳಿದ. ಅವಳ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು.

“ಅವಳನ್ನ ಅಷ್ಟು ಜನರ ಮುಂದೆ ಕಳಿಸಿದಾಗ ನೀನು ಅಲ್ಲೇ ನಿಂತಿದ್ದೆಯಲ್ಲೋ!”

“ಆಗ ಖಾತ್ರಿ ಇರ್ಲಿಲ್ಲ ಅಕ್ಕ.”

“ಈಗ ಇದೆಯಲ್ಲ?”

“ಈಗ ಹೇಳಿದ್ರೆ ಅಂಗಡಿ ಹೋಗುತ್ತೆ. ಆ ಟೇಪನ್ನ ಅವರ ಮಕ್ಕಳಿಗೆ ಹಿಡಿದೆ ಅಂತ ಗೊತ್ತಾದ್ರೆ ಬೀದಿಯಲ್ಲಿ ಯಾರು ಬರ್ತಾರೆ ನಮ್ಮಲ್ಲಿಗೆ?”

“ಹೇಳದಿದ್ರೆ ಅವಳಿಗೆ ಇನ್ನು ಯಾವ ಅಂಗಡಿಯಲ್ಲೂ ಕೆಲಸ ಸಿಗಲ್ಲ. ಎಲ್ಲಾ ಟೈಲರ್‌ಗಳ ಕಿವಿಗೂ ಸುದ್ದಿ ಹೋಗಿ ಆಗಿದೆ.” ಕತ್ತರಿ ದನಿ ಇಳಿಸಿದಳು. “ನಾನೂ ಸುಳ್ಳು ಹೇಳಿದ್ದೆ ಗುಂಡಿ. ದಂಡ ಕಟ್ಟಿದ್ದು ಅವಳು. ಇದಕ್ಕೂ ಅವಳೇ ಕಟ್ಬೇಕಾ?”

ಅವತ್ತಿನ ಊಟದಲ್ಲೇ ಅವನು ಮನೆಯವರಿಗೆ ಹೇಳಿದ. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಪ್ಪ ಅರ್ಧ ತಟ್ಟೆಯಲ್ಲೇ ಎದ್ದು ಅಂಗಡಿಗೆ ಹೋದ. ಸ್ಕೇಲಿನ ಪಕ್ಕ ಒಂದು ಟೇಪು ಇಟ್ಟ, ತೆಗೆದ, ಇನ್ನೊಂದು ಇಟ್ಟ. ಬಹಳ ಹೊತ್ತಿನ ಮೇಲೆ ಬಂದು ಕೂತ. ಮುಖ ಬಿಳಿಚಿಕೊಂಡಿತ್ತು.

“ಟೇಪನ್ನ ಒಲೆಗೆ ಹಾಕು,” ಅಂದ ಅಮ್ಮನಿಗೆ. “ಮಾತು ಇಲ್ಲಿಗೇ ಮುಗೀತು. ಯಾರೂ ಉಸಿರೆತ್ತಬಾರದು.”

“ಮತ್ತೆ ಎಡಚಿ?” ಅಂದ ಗುಂಡಿ.

“ನಿನ್ನ ಹೊಟ್ಟೆ ತುಂಬಿಸೋದು ಎಡಚಿ ಅಲ್ಲ, ಈ ಅಂಗಡಿ.”

“ನಿಮ್ಮಪ್ಪ ಹೇಳಿದ ಹಾಗೆ ಕೇಳು,” ಅಂದಳು ಅಜ್ಜಿ. “ಅವರಿಗೆ ಇದೆಲ್ಲ ಹೊಸದಲ್ಲ. ಎರಡು ದಿನ ಅತ್ತು ಸುಮ್ಮನಾಗ್ತಾರೆ.”

ಅಮ್ಮ ಟೇಪನ್ನು ಒಲೆಗೆ ಹಾಕಲಿಲ್ಲ. ಸುಮ್ಮನೆ ಸುರುಳಿ ಸುತ್ತಿ ಮಗನ ಕೈಗೆ ಕೊಟ್ಟು, ತಟ್ಟೆಗಳನ್ನು ಎತ್ತಿಕೊಂಡು ಹೋದಳು.

ಭಾನುವಾರ ಬೆಳಿಗ್ಗೆ ಯಜಮಾನ ಬಂದ. ಜೊತೆಗೆ ಹೆಂಡತಿ, ಮೊಮ್ಮಗ, ಶಾಲೆಯ ಸಮಿತಿಯವರು, ಮಕ್ಕಳ ತಂದೆತಾಯಂದಿರು. ಅಪ್ಪ ಕುರ್ಚಿ ಹಾಕಿದ. ಯಜಮಾನ ಕೂತು, ಕಾಲ ಮೇಲೆ ಕಾಲು ಹಾಕಿ, ಬಹಳ ಮೆತ್ತಗೆ ಮಾತಾಡಿದ.

“ಆದದ್ದು ಆಗಿಹೋಯ್ತು ಮಾಸ್ಟ್ರೇ. ಬಟ್ಟೆ ಸರಿ ಮಾಡಿಕೊಡಿ. ಮುಂದಿನ ವರ್ಷದ ಕೆಲಸವೂ ನಿಮ್ಮದೇ. ಎಲ್ಲರ ಎದುರು ಒಂದೇ ಒಂದು ಮಾತು ಹೇಳಿಬಿಡಿ. ಆ ಹುಡುಗಿಯಿಂದ ಹೀಗಾಯ್ತು, ಇನ್ನು ಮುಂದೆ ಆಚೆಯವರನ್ನ ಹೊಸ್ತಿಲು ದಾಟಿಸಲ್ಲ ಅಂತ.”

“ಹೇಳಿಬಿಡೋ,” ಅಂದಳು ಪರದೆಯ ಹಿಂದಿನಿಂದ ಅಜ್ಜಿ.

ಅಪ್ಪ ತುಟಿ ಸವರಿಕೊಂಡ. “ಆ ಹುಡುಗಿಯಿಂದ...”

“ಅವಳಿಂದ ಆಗಿಲ್ಲ.”

ಗುಂಡಿಯ ದನಿ ಅರ್ಧ ಗಂಡಸಿನದು, ಅರ್ಧ ಹುಡುಗನದು, ಮಧ್ಯದಲ್ಲಿ ಒಡೆಯಿತು. ಯಾರೋ ನಕ್ಕರು. ಅವನು ಕೆಮ್ಮಿ ಮತ್ತೆ ಹೇಳಿದ.

“ಅವಳಿಂದ ಆಗಿಲ್ಲ. ಶಾಲೆಯಲ್ಲಿ ಅಳತೆ ತೆಗೆದವನು ನಾನು. ಬಾಗಿಲ ಹಿಂದಿನ ಟೇಪಲ್ಲಿ ತೆಗೆದೆ. ಅದು ಜಗ್ಗಿದೆ. ಬೇಕಾದ್ರೆ ಸ್ಕೇಲಿನ ಪಕ್ಕ ಇಟ್ಟು ನೋಡಿ.”

“ಯಾವ ಟೇಪು?” ಅಂದ ಯಜಮಾನ, ಗೊತ್ತಿದ್ದೂ.

“ಹಳಿ ಆಚೆಯವರಿಗೆ ಅಂತ ಬೇರೆ ಇಟ್ಟಿರೋದು.”

ಯಜಮಾನನ ಹೆಂಡತಿ ಮೊಮ್ಮಗನನ್ನು ಸೆರಗಿಗೆ ಎಳೆದುಕೊಂಡಳು. “ಅಯ್ಯೋ! ಆ ಟೇಪನ್ನ ನನ್ನ ಮಗುವಿನ ಕುತ್ತಿಗೆಗೆ ಹಾಕಿದ್ಯೇನೋ?”

“ಹಾಕಿದೆ. ಎದೆಗೂ ಹಾಕಿದೆ, ಸೊಂಟಕ್ಕೂ ಹಾಕಿದೆ.” ಗುಂಡಿ ಸುರುಳಿ ಸುತ್ತಿದ ಟೇಪನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. “ಏನಾಯ್ತು ಅವನಿಗೆ? ಅಂಗಿ ಬಿಗಿಯಾಯ್ತು. ಅಷ್ಟೇ ತಾನೆ? ಇಷ್ಟು ವರ್ಷ ಅವರಿಗೆ ಆಗ್ತಿದ್ದದ್ದೂ ಅದೇ.”

“ಮಾಸ್ಟ್ರೇ,” ಅಂದ ಯಜಮಾನ, ಕಾಲು ಕೆಳಗಿಳಿಸಿ. “ಹುಡುಗನಿಗೆ ತಲೆ ಕೆಟ್ಟಿದೆ. ನೀವು ಹೇಳಿ.”

ಅಪ್ಪ ಬಾಯಿ ತೆರೆದ. ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಕತ್ತರಿ ಬಂದು ತಮ್ಮನ ಪಕ್ಕ ನಿಂತಳು.

“ಬಟ್ಟೆ ಬಿಟ್ಟು ಹೋಗಿ, ಬಿಚ್ಚಿ ಸರಿ ಮಾಡಿ ಕೊಡ್ತೀವಿ. ಆಚೆಯವಳು ಕತ್ತರಿಸಿದ್ದರಲ್ಲಿ ಅಂಚು ಧಾರಾಳವಾಗಿದೆ, ಅದು ಪೂರ್ತಿ ಸರಿಹೋಗುತ್ತೆ. ನಾವು ಕತ್ತರಿಸಿದ್ದರ ಮಾತು ಮಾತ್ರ ಹೇಳೋಕಾಗಲ್ಲ.”

ಬಟ್ಟೆಯನ್ನು ಯಾರೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಪೇಟೆಯ ಇನ್ನೊಂದು ಟೈಲರ್ ಅಂಗಡಿಗೆ ಶಾಲೆಯ ಕೆಲಸ ಹೋಯಿತೆಂದು ಸುದ್ದಿ ಬಂತು. ಬೀದಿಯವರು ಕೊಟ್ಟಿದ್ದ ಬೇರೆ ಬಟ್ಟೆಗಳನ್ನೂ ಒಬ್ಬೊಬ್ಬರಾಗಿ ವಾಪಸ್ ಒಯ್ದರು. ಅಂಗಡಿಯಲ್ಲಿ ಉಳಿದದ್ದು ಖಾಲಿ ಮೇಜು.

ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಗೋಡೆಯನ್ನು ಕೇಳುತ್ತಿದ್ದಳು. ಅಪ್ಪ ಮಗನ ಮುಖ ನೋಡುತ್ತಿರಲಿಲ್ಲ. “ಕೈ ಸುಟ್ಕೊಂಡ್ವಿ,” ಎಂದು ಒಮ್ಮೆ ಗೊಣಗಿದ. ಅಮ್ಮ, “ನಾವಾ?” ಅಂದಳು. ಅಷ್ಟೇ.

ಒಂದು ಮಧ್ಯಾಹ್ನ ಕತ್ತರಿ, ಗುಂಡಿ ಎಡಚಿಯ ಮನೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು. ಅಪ್ಪ ಕೋಲೂರಿಕೊಂಡು ಹೊರಗೆ ಬಂದ. ಕೈಯಲ್ಲಿ ಉಳಿದುಹೋದ ಒಂದು ನೀಲಿ ಅಂಗಿ, ಪಕ್ಕದ ಹೊಲಿಗೆ ಬಿಚ್ಚಿತ್ತು.

“ಅವಳು ಹೊಲಿದದ್ದು,” ಅಂದ. “ನನ್ನ ಗೆರೆ ಮೇಲೇ ಇದೆ. ಒಂದು ಕೂದಲೆಳೆ ಆಚೀಚೆ ಇಲ್ಲ.” ಅಂಗಿ ಮಡಚಿ ಕಂಕುಳಲ್ಲಿಟ್ಟುಕೊಂಡು, “ನಾನೂ ಬರ್ತೀನಿ,” ಅಂದ.

ಹಳಿ ದಾಟಿ ಮೂವರೂ ನಡೆದರು. ಅಪ್ಪ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಎಡಚಿಯ ಅಪ್ಪ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಮುಂದಕ್ಕೆ ಎಳೆದ. ಕುಡಿಯಲು ಏನು ಕೊಡಲಿ ಎಂದು ಯಾರೂ ಕೇಳಲಿಲ್ಲ. ಕೇಳಿ, ಬಂದವನು ಬೇಡ ಅಂದುಬಿಟ್ಟರೆ ಎಂಬ ಅಳುಕು. ಎಡಚಿ ಗೋಡೆಗೆ ಒರಗಿ ನಿಂತಳು.

“ಟೇಪು ಜಗ್ಗಿತ್ತು,” ಅಂದ ಅಪ್ಪ. “ನನಗೆ ಗೊತ್ತಿರಲಿಲ್ಲ.”

“ನಮಗೆ ಗೊತ್ತಿತ್ತು ಮಾಸ್ಟ್ರೇ,” ಅಂದ ಎಡಚಿಯ ಅಪ್ಪ.

ಅಪ್ಪ ತಲೆ ಎತ್ತಿದ. “ಮತ್ತೆ ಯಾಕೆ ಹೇಳಲಿಲ್ಲ?”

“ಬಿಗಿ ಆಯ್ತು ಅಂತ ಪ್ರತಿ ಸಲ ಹೇಳಿದ್ವಲ್ಲ. ಟೇಪು ಸರಿಯಿಲ್ಲ ಅಂತಲೂ ಹೇಳಬಹುದಿತ್ತು. ಆದರೆ ಹಾಗೆ ಹೇಳ್ಬೇಕಾದ್ರೆ, ನಮಗೆ ಅಂತ ಬೇರೆ ಟೇಪು ಇಟ್ಟಿದ್ದೀರಿ ಅನ್ನೋದು ನಮಗೆ ಗೊತ್ತು ಅಂತ ನಿಮ್ಮ ಮುಖಕ್ಕೆ ಹೇಳ್ಬೇಕಾಗ್ತಿತ್ತು. ಅದನ್ನ ಹೇಗೆ ಹೇಳೋದು? ನಿಮಗೆ ನಾಚಿಕೆ ಆಗ್ತಿತ್ತು.”

ಗುಂಡಿಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ.

“ಬಟ್ಟೆ ತಂದು ಮನೆಯಲ್ಲಿ ಬಿಚ್ಚಿ ಮತ್ತೆ ಹೊಲಿಯೋದು,” ಅಂದ ಆತ, ದೂರಿನ ದನಿಯಲ್ಲಲ್ಲ, ಅಡುಗೆಯ ವಿಷಯ ಹೇಳುವ ಹಾಗೆ. “ಇಲ್ಲಿನ ಹೆಣ್ಣುಮಕ್ಕಳು ಹೊಲಿಗೆ ಕಲಿತದ್ದೇ ಹಾಗೆ. ಇವಳೂ ಅಷ್ಟೇ. ಆರು ಅಂಗಿ ಬಿಚ್ಚಿದ ಮೇಲೆ ಕ್ಲಾಸಿಗೆ ಹೋದಳು.”

ಅಪ್ಪನ ಕಣ್ಣಲ್ಲಿ ನೀರು ನಿಂತಿತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ. “ತಪ್ಪಾಯ್ತು,” ಅಂದ ಎಡಚಿಯ ಕಡೆ ತಿರುಗಿ. “ಕೆಲಸಕ್ಕೆ ಬಾಮ್ಮ. ಮುಂದಿನ ಕೋಣೆಗೇ ಬಾ. ನಿನ್ನದೇನೂ ತಪ್ಪಿಲ್ಲ ಅಂತ ಗುಂಡಿ ಎಲ್ಲರ ಮುಂದೆ ಹೇಳಿದ್ದಾನೆ.”

“ಗೊತ್ತಾಯ್ತು. ಅವನು ಹೇಳಿದ,” ಅಂದಳು ಎಡಚಿ. “ನನ್ನ ಮೇಲೆ ಹೊರಿಸಿದ್ದು ಅವನಲ್ಲ, ನೀವು. ಹುಡುಗನಿಗೆ ತಲೆ ಕೆಟ್ಟಿದೆ ಅಂತ ಬೀದಿಯವರು ಹೇಳ್ಕೊಂಡು ತಿರುಗ್ತಾ ಇದ್ದಾರೆ. ನೀವು ಇಲ್ಲಿ ಬಂದು ಹೇಳಿದ್ರೆ ನನಗೇನು ಬಂತು? ಇಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ.”

“ಹಾಗನ್ನಬೇಡ ಕಣೇ,” ಅಂದ ಅವಳ ಅಪ್ಪ.

“ಅಲ್ಲಿ ಹೇಳ್ಲಿ, ನಾನು ಬರ್ತೀನಿ,” ಅಂದಳು.

ವಾಪಸ್ ಬರುವಾಗ ಹಳಿಯ ಹತ್ತಿರ ಗುಂಡಿ ಅಪ್ಪನ ತೋಳು ಹಿಡಿದು ದಾಟಿಸಿದ. ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಮಕ್ಕಳಿಬ್ಬರೂ ಆ ಕೆಲವು ವಾರಗಳಲ್ಲಿ ಬೆಳೆದುಬಿಟ್ಟಿದ್ದರು. ಬಾಕಿ ಉಳಿದವನು ಅಪ್ಪನೊಬ್ಬನೇ.

ಮರುದಿನ ಬೆಳಿಗ್ಗೆ ಅಪ್ಪ ಗಡ್ಡ ಹೆರೆದುಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡ.

“ಎಲ್ಲಿಗೆ?” ಅಂದಳು ಅಜ್ಜಿ.

“ಔಷಧಿ ಅಂಗಡಿಗೆ.”

“ಸೊಂಟಕ್ಕಾ? ಗುಂಡಿ ತರ್ತಾನೆ ಬಿಡು.”

“ಅವನು ತರೋದೆಲ್ಲ ತಂದಾಯ್ತಮ್ಮ. ಇದು ನನ್ನದು.”

ಅಜ್ಜಿಗೆ ಅರ್ಥವಾಯಿತು. “ಹೋದ್ರೆ ನಾನು ಈ ಮನೇಲಿ ಊಟ ಮಾಡಲ್ಲ,” ಅಂದಳು. ಅಪ್ಪ ಹೊಸ್ತಿಲು ದಾಟಿ ಮೆಟ್ಟಿಲಿಳಿದ. ಕತ್ತರಿ, ಗುಂಡಿ ಅಂಗಡಿಯ ಬಾಗಿಲಲ್ಲೇ ನಿಂತರು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಅವರ ನಡುವೆ ನಿಂತಳು.

ಔಷಧಿ ಅಂಗಡಿಯಲ್ಲಿ ಆ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಆಸ್ಪತ್ರೆಯಿಂದ ಬಂದವರು, ಶಾಲೆಗೆ ಮಕ್ಕಳನ್ನು ಬಿಟ್ಟು ಬಂದವರು, ಸುಮ್ಮನೆ ಸುದ್ದಿ ಹೇಳಲು ಬಂದವರು. ಅಪ್ಪನನ್ನು ಕಂಡು ಯಜಮಾನ ಹುಬ್ಬೇರಿಸಿದ.

“ಏನು ಕೊಡ್ಲಿ ಮಾಸ್ಟ್ರೇ?”

“ಏನೂ ಬೇಡ. ಆ ಹುಡುಗಿ ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಅವಳ ಮೇಲೆ ಹೊರಿಸಿದವನು ನಾನು. ಟೇಪು ನನ್ನದು, ಅವರಿಗೆ ಅಂತ ಅದನ್ನ ಬೇರೆಯೇ ಇಟ್ಕೊಂಡು ಬಂದವನೂ ನಾನು.”

ಯಜಮಾನ ಕೌಂಟರಿನ ಮೇಲಿಂದ ಮುಂದಕ್ಕೆ ಬಾಗಿದ.

“ಮೆಲ್ಲಗೆ ಹೇಳಿ ಮಾಸ್ಟ್ರೇ, ಜನ ಇದ್ದಾರೆ.”

“ಜನ ಇರ್ತಾರೆ ಅಂತಲೇ ಈ ಹೊತ್ತಿಗೆ ಬಂದೆ,” ಅಂದ ಅಪ್ಪ.